ಎಂಥ ರಂಗಮಂದಿರ, ಯಾರ ರಂಗಮಂದಿರ? ಬೆಂಗಳೂರಿನ ಪ್ರದರ್ಶನ ತಾಣಗಳ ಒಂದು ಸಮೀಕ್ಷೆ

ಬೆಂಗಳೂರಿಗೆ ರಂಗಮಂದಿರಗಳು ಸಾಲವು ಎಂಬ ಮಾತು ನಾಟಕದವರು ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ ಬರುತ್ತದೆ. ಬಡಾವಣೆಗೊಂದು ರಂಗಮಂದಿರ ಬೇಕೆಂಬ ಬೇಡಿಕೆ ಹಳೆಯದು, ಅದಕ್ಕೆ ಸಿಕ್ಕ ಭರವಸೆಗಳೂ ಹಳೆಯವು. ಈ ಬೇಡಿಕೆಯ ಒಳಗೇ ಇನ್ನೊಂದು ಪ್ರಶ್ನೆ ಇದೆ. ಅದರ ಬಗ್ಗೆ ಮಾತ್ರ ರಂಗಭೂಮಿಯವರಲ್ಲೇ ಒಮ್ಮತವಿಲ್ಲ. ಬೇಕಿರುವುದು ಎಂಥ ಜಾಗ? ಸಾವಿರ ಜನ ಕೂರುವ ಸಭಾಂಗಣವೇ, ಮುನ್ನೂರು ಆಸನದ ನಾಟಕದ ಮನೆಯೇ, ಐವತ್ತು ಮಂದಿ ಚಾಪೆಯ ಮೇಲೆ ಕೂತು ನೋಡುವ ಕೋಣೆಯೇ ಅಥವಾ ಬೆಳಗಿನ ಜಾವದವರೆಗೆ ಆಡಲು ಬಿಡುವ ಒಂದು ಬಯಲೇ?

ಇದು ಕಟ್ಟಡದ ವಿಚಾರದಂತೆ ಕಂಡರೂ ನಿಜವಾಗಿ ನಾಟಕದ ವಿಚಾರ. ರಂಗದ ಅಳತೆ ಬದಲಾದರೆ ನಟನ ದನಿ ಬದಲಾಗುತ್ತದೆ, ಪಾತ್ರಗಳ ಸಂಖ್ಯೆ ಬದಲಾಗುತ್ತದೆ, ಟಿಕೆಟ್ಟಿನ ದರ ಬದಲಾಗುತ್ತದೆ, ಕೊನೆಗೆ ನೋಡಲು ಬರುವವರೇ ಬದಲಾಗುತ್ತಾರೆ. ಹಾಗಾಗಿ ಯಾವ ಜಾಗ ಬೇಕೆಂಬ ಪ್ರತಿಯೊಂದು ಉತ್ತರದ ಹಿಂದೆಯೂ ನಾಟಕ ಯಾರಿಗಾಗಿ ಎಂಬ ನಿಲುವು ಇರುತ್ತದೆ. ಈ ಲೇಖನ ಅಂಥ ಐದು ನಿಲುವುಗಳನ್ನು, ಅವು ಹುಟ್ಟಿದ ಹಿನ್ನೆಲೆಯನ್ನು ಮತ್ತು ಅವುಗಳ ಮಿತಿಗಳನ್ನು ಒಟ್ಟಿಗೆ ಇಟ್ಟು ನೋಡುತ್ತದೆ. ಒಂದೇ ಬಗೆಯ ಜಾಗವನ್ನು ಎಷ್ಟು ಹೆಚ್ಚಿಸಿದರೂ ಈ ಊರಿನ ರಂಗಭೂಮಿ ಬಲಗೊಳ್ಳದು, ಬೇರೆ ಬೇರೆ ಅಳತೆಯ ಜಾಗಗಳ ನಡುವೆ ನಾಟಕವೂ ನೋಡುಗರೂ ಓಡಾಡುವಂತಾದಾಗ ಮಾತ್ರ ಬಲಗೊಳ್ಳುತ್ತದೆ ಎಂಬುದು ನನ್ನ ನಂಬಿಕೆ.

ಪೇಟೆ, ದಂಡು ಮತ್ತು ಕಂಪನಿ ನಾಟಕ

1949ರಲ್ಲಿ ಒಂದೇ ಪಾಲಿಕೆಯಡಿ ಬರುವವರೆಗೆ ಬೆಂಗಳೂರು ಎರಡು ಊರಾಗಿತ್ತು. ದಂಡು ಪ್ರದೇಶದಲ್ಲಿ ಇಂಗ್ಲಿಷ್ ನಾಟಕ, ಪಾಶ್ಚಾತ್ಯ ಸಂಗೀತ, ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ವಾದ್ಯಮೇಳ. ಬ್ರಿಗೇಡ್ ರಸ್ತೆಯ ಒಪೆರಾ ಹೌಸ್ ಆ ಕಾಲದ್ದು. ಅದು ಮುಂದೆ ಸಿನಿಮಾ ಮಂದಿರವಾಯಿತು, 2018ರಲ್ಲಿ ಮೊಬೈಲ್ ಕಂಪನಿಯೊಂದರ ಮಳಿಗೆಯಾಗಿ ತೆರೆಯಿತು. ನಗರದ ಎಷ್ಟೋ ಪ್ರದರ್ಶನ ತಾಣಗಳು ಇದೇ ದಾರಿ ಹಿಡಿದಿವೆ.

ಪೇಟೆಯ ಕಡೆಯ ಲೋಕ ಬೇರೆಯೇ ಇತ್ತು. ಅಲ್ಲಿ ಹರಿಕಥೆ ದೇವಸ್ಥಾನದ ಅಂಗಳದಲ್ಲಿ ನಡೆಯುತ್ತಿತ್ತು, ಕಂಪನಿ ನಾಟಕ ತಗಡಿನ ಥಿಯೇಟರಿನಲ್ಲಿ ನಡೆಯುತ್ತಿತ್ತು, ಸಂಗೀತ ಕಚೇರಿ ಚಪ್ಪರದಲ್ಲಿ ನಡೆಯುತ್ತಿತ್ತು. ಚಾಮರಾಜಪೇಟೆಯ ಶ್ರೀರಾಮ ಸೇವಾ ಮಂಡಳಿ 1939ರಲ್ಲಿ ಆರಂಭಿಸಿದ ರಾಮನವಮಿ ಸಂಗೀತೋತ್ಸವ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಬೆಳೆಯಿತು. ದೇಶದ ದೊಡ್ಡ ವಿದ್ವಾಂಸರು ಅಲ್ಲಿನ ಚಪ್ಪರದಡಿ ಹಾಡಿದ್ದಾರೆ. ಕಾಯಂ ಕಟ್ಟಡವಿಲ್ಲದೆಯೂ ಒಂದು ಜಾಗ ಪ್ರತಿವರ್ಷ ಸಭೆಯಾಗಬಲ್ಲದು ಎಂಬುದಕ್ಕೆ ಈ ಊರಿನಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಇಲ್ಲ.

ಕಂಪನಿ ನಾಟಕಕ್ಕೆ ಮಾತ್ರ ಅಳತೆ ಮುಖ್ಯವಾಗಿತ್ತು. 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ವೀರಣ್ಣನವರ ಕೈಗೆ ಬಂದ ಮೇಲೆ ದೃಶ್ಯವೈಭವವೇ ಅದರ ಹೆಗ್ಗುರುತಾಯಿತು. 1934ರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬಂದವು. ಅದೇ ವರ್ಷ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ತೆರೆ ಕಂಡಿತು. ಅದರ ಮುಖ್ಯ ಕಲಾವಿದರಾದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ರಂಗಭೂಮಿಯಿಂದಲೇ ಹೋದವರು. ವೈಭವವನ್ನು ತೋರಿಸಲು ಸಿನಿಮಾ ಬಂದಾಗ ನಾಟಕದ ಥಿಯೇಟರುಗಳಿಗೆ ಬೆಳ್ಳಿಪರದೆ ಬಂತು. ಕಂಪನಿಗಳು ಮೆಲ್ಲಗೆ ಜಾತ್ರೆ, ಪರಿಷೆಗಳ ಕಡೆ ಸರಿದವು.

ಇದರ ಪಕ್ಕದಲ್ಲೇ ಇನ್ನೊಂದು ಧಾರೆ ಹುಟ್ಟಿತ್ತು. 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್, ಅಂದರೆ ಎಡಿಎ, ಆರಂಭವಾಯಿತು. ಹಗಲು ಕಚೇರಿ, ಸಂಜೆ ತಾಲೀಮು ಎಂಬ ಹವ್ಯಾಸಿ ಪದ್ಧತಿಗೆ ಅದು ನೆಲೆಯಾಯಿತು. ಟಿ.ಪಿ. ಕೈಲಾಸಂ ಅವರ ನಾಟಕಗಳಿಗೆ ಆನೆಯೂ ಬೇಡ, ಅರಮನೆಯ ಪರದೆಯೂ ಬೇಡ. ಒಂದು ಮನೆಯ ನಡುಮನೆ, ನಾಲ್ಕು ಕುರ್ಚಿ, ಮಾತಿನ ವರಸೆ ಇದ್ದರೆ ಸಾಕು. ಮೈದಾನದ ನಾಟಕ ಮತ್ತು ನಡುಮನೆಯ ನಾಟಕ ಎಂಬ ಈ ಕವಲು ಇಂದಿಗೂ ಮುಚ್ಚಿಲ್ಲ. ಮುಂದಿನ ವಾದಗಳೆಲ್ಲ ಇದರಿಂದಲೇ ಹೊರಟಿವೆ.

1963 ಮತ್ತು 1972

ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ನೆನಪಿಗೆ ದೇಶದ ಹಲವು ನಗರಗಳಲ್ಲಿ ಭವನಗಳು ಎದ್ದವು. ಬೆಂಗಳೂರಿನ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ 1963ರಲ್ಲಿ ಬಾಗಿಲು ತೆರೆಯಿತು. ಹವ್ಯಾಸಿ ತಂಡಗಳಿಗೆ ಕೈಗೆಟುಕುವ ಬಾಡಿಗೆಯಲ್ಲಿ ಸುಸಜ್ಜಿತ ಪ್ರೊಸೀನಿಯಂ ರಂಗವೊಂದು ಸಿಕ್ಕಿತು.

ಒಂಬತ್ತು ವರ್ಷಗಳಲ್ಲೇ ಅದೇ ಕಟ್ಟಡದ ಹಿಂದಿನ ಬಯಲಿನಲ್ಲಿ ಅದಕ್ಕೊಂದು ಸವಾಲು ಎದ್ದಿತು. 1972ರಲ್ಲಿ ಬಿ.ವಿ. ಕಾರಂತರು ಅಲ್ಲಿ ಮೂರು ನಾಟಕಗಳನ್ನು ಆಡಿಸಿದರು: ಲಂಕೇಶರು ಕನ್ನಡಕ್ಕೆ ತಂದ ‘ಈಡಿಪಸ್’, ಅವರದೇ ‘ಸಂಕ್ರಾಂತಿ’ ಮತ್ತು ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’. ಒಳಗೆ ಪರದೆ, ವೇದಿಕೆ, ಆಸನಗಳೆಲ್ಲ ಸಿದ್ಧವಿದ್ದರೂ ಕಾರಂತರು ಹೊರಗಿನ ನೆಲ, ಗಿಡಮರ, ಆಕಾಶಗಳನ್ನೇ ರಂಗಸಜ್ಜಿಕೆ ಮಾಡಿಕೊಂಡರು. ಗುಂಪು, ಹಾಡು, ನಡೆ, ಬಯಲಾಟದ ಲಯ ಇವೆಲ್ಲ ನಗರದ ಪ್ರೇಕ್ಷಕರ ಮುಂದೆ ಹೊಸ ಕಸುವಿನಲ್ಲಿ ಬಂದವು. ಆ ಬಯಲಿಗೇ ಮುಂದೆ ನಾಟಕಕಾರ ಸಂಸರ ಹೆಸರಿನ ಬಯಲು ರಂಗಮಂದಿರ ಬಂತು.

ನಟರಂಗ, ಬೆನಕ, ಸಮುದಾಯ, ಸಂಕೇತ್, ಸ್ಪಂದನದಂಥ ತಂಡಗಳು ಎಪ್ಪತ್ತರ ದಶಕದ ಈ ಹುರುಪಿನಲ್ಲಿ ಬೆಳೆದವು. ಒಂದೇ ಆವರಣದಲ್ಲಿ ಒಳರಂಗ ಮತ್ತು ಹೊರರಂಗ ಎರಡೂ ಇದ್ದದ್ದು, ಒಂದರಲ್ಲಿ ಆಡಿದವರು ಇನ್ನೊಂದರಲ್ಲಿ ಆಡಿದವರನ್ನು ನೋಡಿ ಕಲಿತದ್ದು ಆ ದಶಕದ ಶಕ್ತಿಗೆ ಮುಖ್ಯ ಕಾರಣವೆಂದು ನನಗೆ ತೋರುತ್ತದೆ.

ಮೊದಲ ನಿಲುವು: ಸರ್ಕಾರಿ ರಂಗಮಂದಿರವೇ ಆಧಾರ

ಈ ನಿಲುವಿನವರ ಪ್ರಕಾರ ನಾಟಕ ಆಡುವುದು, ನೋಡುವುದು ನಾಗರಿಕರ ಹಕ್ಕು. ಗ್ರಂಥಾಲಯ, ಉದ್ಯಾನಗಳಂತೆ ರಂಗಮಂದಿರವನ್ನೂ ಸರ್ಕಾರವೇ ಕಟ್ಟಿ, ಕಡಿಮೆ ಬಾಡಿಗೆಗೆ ಕೊಡಬೇಕು. ಅವರ ಪರವಾಗಿ ಗಟ್ಟಿ ಸಾಕ್ಷ್ಯವಿದೆ. ಜೆ.ಸಿ. ರಸ್ತೆಯ ಸುತ್ತ ಕಲಾಕ್ಷೇತ್ರ, ಸಂಸ ಬಯಲು ರಂಗಮಂದಿರ, ಕನ್ನಡ ಭವನದ ನಯನ ಸಭಾಂಗಣ, ಎಡಿಎ ರಂಗಮಂದಿರ, 1935ರ ಪುಟ್ಟಣ್ಣ ಚೆಟ್ಟಿ ಪುರಭವನ ಎಲ್ಲವೂ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಮಾರ್ಕೆಟ್ಟಿಗೆ ಬರುವ ಯಾವ ಬಸ್ಸಿನಲ್ಲಾದರೂ ಇಲ್ಲಿಗೆ ಬರಬಹುದು. ಬೆನಕದ ‘ಸತ್ತವರ ನೆರಳು’, ಕಲಾಗಂಗೋತ್ರಿಯ ‘ಮುಖ್ಯಮಂತ್ರಿ’ ದಶಕಗಳ ಕಾಲ ಮತ್ತೆ ಮತ್ತೆ ರಂಗಕ್ಕೆ ಬಂದದ್ದರ ಹಿಂದೆ ಹವ್ಯಾಸಿಗಳ ನಿಷ್ಠೆ ಎಷ್ಟಿದೆಯೋ ಸಾರ್ವಜನಿಕ ರಂಗಮಂದಿರಗಳ ಅಗ್ಗದ ಬಾಡಿಗೆಯೂ ಅಷ್ಟೇ ಇದೆ. ಹನುಮಂತನಗರದ ಕೆ.ಎಚ್. ಕಲಾಸೌಧ ಈ ಮಾದರಿಯನ್ನು ಬಡಾವಣೆಯ ಮಟ್ಟಕ್ಕೆ ತಂದಿತು. ಸುತ್ತಮುತ್ತ ವಾಸವಿರುವ ಕನ್ನಡ ಪ್ರೇಕ್ಷಕರಿಗೆ ಅದು ಮನೆಯ ಹತ್ತಿರದ ನಾಟಕದ ಜಾಗವಾಯಿತು.

ಮಿತಿ ಇರುವುದು ಬಳಕೆಯಲ್ಲಿ. ಸರ್ಕಾರಿ ಸಭಾಂಗಣ ನಾಟಕಕ್ಕೆ ಮಾತ್ರ ಮೀಸಲಲ್ಲ. ಪ್ರಶಸ್ತಿ ಪ್ರದಾನ, ಜಯಂತಿ, ಶಾಲಾ ವಾರ್ಷಿಕೋತ್ಸವ, ಭರತನಾಟ್ಯದ ರಂಗಪ್ರವೇಶ, ಸಂಘದ ಸಮ್ಮೇಳನ ಎಲ್ಲಕ್ಕೂ ಅದೇ ವೇದಿಕೆ. ನಾಟಕ ತಂಡಕ್ಕೆ ಸಿಗುವುದು ಒಂದು ದಿನ. ಬೆಳಿಗ್ಗೆ ಲಾರಿಯಿಂದ ಸೆಟ್ ಇಳಿಸಬೇಕು, ಮಧ್ಯಾಹ್ನದೊಳಗೆ ದೀಪ ಕಟ್ಟಬೇಕು, ಸಂಜೆ ಆಡಬೇಕು, ರಾತ್ರಿಯೇ ಬಿಚ್ಚಿ ಖಾಲಿ ಮಾಡಬೇಕು. ಆ ರಂಗದ ಮೇಲೆ ನಟರು ಮೊದಲ ಬಾರಿ ಕಾಲಿಡುವುದು ಪ್ರದರ್ಶನದ ದಿನವೇ. ಬೆಳಕಿನ ವಿನ್ಯಾಸಕಾರ ತಿಂಗಳುಗಟ್ಟಲೆ ಯೋಚಿಸಿದ್ದನ್ನು ಮೂರು ಗಂಟೆಯಲ್ಲಿ ಮುಗಿಸಬೇಕು. ಬಾಡಿಗೆ ಏರಿಸುವ ಮಾತು ಬಂದಾಗಲೆಲ್ಲ ರಂಗಕರ್ಮಿಗಳು ಪ್ರತಿಭಟಿಸುತ್ತಾರೆ, ಅದು ನ್ಯಾಯವೇ. ಆದರೆ ಅಗ್ಗದ ಒಂದು ದಿನ ಸಿಕ್ಕರೆ ಒಳ್ಳೆಯ ನಾಟಕ ಆದೀತೇ ಎಂಬ ಪ್ರಶ್ನೆಗೆ ಈ ನಿಲುವಿನಲ್ಲಿ ಉತ್ತರ ಸಿಗುವುದಿಲ್ಲ.

ಎರಡನೇ ನಿಲುವು: ನಾಟಕಕ್ಕೇ ಮೀಸಲಾದ ಮನೆ

ಆ ಪ್ರಶ್ನೆಗೆ ಬಂದ ಉತ್ತರವೇ ಜೆ.ಪಿ. ನಗರದ ರಂಗಶಂಕರ. 1990ರ ಸೆಪ್ಟೆಂಬರ್ 30ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡ ಶಂಕರ್ ನಾಗ್ ಅವರ ನೆನಪಿಗೆ ಅರುಂಧತಿ ನಾಗ್ ಮತ್ತು ಸಂಕೇತ್ ಟ್ರಸ್ಟಿನವರು ವರ್ಷಗಟ್ಟಲೆ ದೇಣಿಗೆ ಕೂಡಿಸಿ 2004ರ ಅಕ್ಟೋಬರಿನಲ್ಲಿ ಅದನ್ನು ತೆರೆದರು. ಮುಂಬೈನ ಜುಹೂವಿನಲ್ಲಿ 1978ರಿಂದ ನಡೆಯುತ್ತಿರುವ ಪೃಥ್ವಿ ಥಿಯೇಟರ್ ಈ ಬಗೆಯ ಮನೆಗಳಿಗೆ ದಾರಿ ತೋರಿಸಿತ್ತು.

ರಂಗಶಂಕರದ ಆಸನಗಳು ಮುನ್ನೂರ ಇಪ್ಪತ್ತರ ಆಸುಪಾಸು. ಪ್ರೇಕ್ಷಕರು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ಕೂರುತ್ತಾರೆ. ರಂಗ ಅವರ ನಡುವಿನವರೆಗೂ ಚಾಚಿಕೊಂಡಿದೆ. ಹೀಗಾಗಿ ನಟನ ಪಿಸುಮಾತು, ಕಣ್ಣಂಚಿನ ಚಲನೆ ಹಿಂದಿನ ಸಾಲಿಗೂ ತಲಪುತ್ತದೆ. ವಾರದ ರಜೆಯೊಂದನ್ನು ಬಿಟ್ಟರೆ ದಿನವೂ ನಾಟಕ ಇರಬೇಕು ಎಂಬುದು ಅಲ್ಲಿನ ನೇಮ. ಪ್ರದರ್ಶನ ಶುರುವಾದ ಮೇಲೆ ಯಾರೇ ಬಂದರೂ ಬಾಗಿಲು ತೆರೆಯುವುದಿಲ್ಲ ಎಂಬುದು ಇನ್ನೊಂದು. ಅತಿಥಿಗಳು ಬರುವವರೆಗೆ ಕಾಯುವುದು, ದೀಪ ಬೆಳಗುವುದು, ಶಾಲು ಹೊದಿಸುವುದು ಇವೆಲ್ಲ ಮುಗಿದ ಮೇಲೆ ನಾಟಕ ಎಂಬ ರೂಢಿಗೆ ಒಗ್ಗಿದ್ದ ಊರಿನಲ್ಲಿ ಆ ಮುಚ್ಚಿದ ಬಾಗಿಲು ದೊಡ್ಡ ಪಾಠ ಕಲಿಸಿತು. ನಟರ ಸಮಯಕ್ಕೂ ಟಿಕೆಟ್ ಕೊಂಡು ವೇಳೆಗೆ ಸರಿಯಾಗಿ ಬಂದವರ ಸಮಯಕ್ಕೂ ಬೆಲೆ ಇದೆ ಎಂದು ಅದು ಹೇಳಿತು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಐದು ನಿಮಿಷ ತಡವಾಗಿ ಬಂದು ಹೊರಗೆ ಉಳಿದವರು ಸಿಟ್ಟಾಗುತ್ತಾರೆ, ಮುಂದಿನ ಸಲ ಅರ್ಧ ಗಂಟೆ ಮೊದಲೇ ಬರುತ್ತಾರೆ. ಹಾಗೆ ಮೊದಲೇ ಬಂದವರು ಕೆಫೆಯಲ್ಲಿ ಚಹಾ ಕುಡಿಯುತ್ತ, ಪುಸ್ತಕ ತಿರುವುತ್ತ, ಇತರ ನೋಡುಗರೊಡನೆ ಮಾತಿಗಿಳಿಯುತ್ತಾರೆ. ಆ ಅರ್ಧ ಗಂಟೆ ಒಂದು ಪ್ರೇಕ್ಷಕ ವರ್ಗವನ್ನು ಬೆಳೆಸಿತು.

2011ರಲ್ಲಿ ಅರುಂಧತಿ ರಾಜಾ, ಜಗದೀಶ್ ರಾಜಾ ದಂಪತಿ ವೈಟ್‌ಫೀಲ್ಡಿನಲ್ಲಿ ಜಾಗೃತಿ ರಂಗಮಂದಿರವನ್ನು ಆರಂಭಿಸಿ ಪೂರ್ವ ಬೆಂಗಳೂರಿಗೂ ಇಂಥ ಮನೆ ಕೊಟ್ಟರು. ಸಂಗೀತಕ್ಕೆ ಇದೇ ತರ್ಕ ಮೊದಲೇ ಅನ್ವಯವಾಗಿತ್ತು. ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರ ನೆನಪಿಗೆ ಪಿಟೀಲಿನ ಆಕಾರದಲ್ಲೇ ಎದ್ದ ಚೌಡಯ್ಯ ಸ್ಮಾರಕ ಭವನ 1980ರದ್ದು.

ವೃತ್ತಿಪರ ಶಿಸ್ತು, ಬೇರೆ ಬೇರೆ ಭಾಷೆಯ ನಾಟಕಗಳು ಒಂದೇ ಛಾವಣಿಯಡಿ ಬರುವುದು, ನಾಟಕ ನೋಡುವ ಅಭ್ಯಾಸ ಬೇರೂರುವುದು ಇವನ್ನೆಲ್ಲ ಈ ನಿಲುವು ಚೆನ್ನಾಗಿ ವಿವರಿಸುತ್ತದೆ. ಅದರ ಮೇಲಿನ ಆಕ್ಷೇಪಗಳೂ ಹಗುರವಲ್ಲ. ಒಂದು ಮನೆಗೆ ವರ್ಷದಲ್ಲಿ ಮುನ್ನೂರು ಚಿಲ್ಲರೆ ಸಂಜೆಗಳು, ಕಾಯುವ ತಂಡಗಳು ಅದಕ್ಕಿಂತ ಎಷ್ಟೋ ಹೆಚ್ಚು. ಆಯ್ಕೆ ಅನಿವಾರ್ಯವಾದಾಗ ಆಯ್ಕೆ ಮಾಡುವವರ ಅಭಿರುಚಿ ನಗರದ ಅಭಿರುಚಿಯಾಗುವ ಅಪಾಯವಿದೆ. ಕನ್ನಡಕ್ಕೆ ಎಷ್ಟು ದಿನ, ಇತರ ಭಾಷೆಗಳಿಗೆ ಎಷ್ಟು ದಿನ ಎಂಬ ಚರ್ಚೆಯೂ ಬೆನ್ನಿಗೇ ಇದೆ. ಮುಖ್ಯವಾಗಿ, ಇಂಥ ಮನೆ ದಾನಿಗಳ ಮತ್ತು ಪ್ರಾಯೋಜಕರ ಬೆಂಬಲದಲ್ಲಿ ನಿಂತಿದೆ. ಕಟ್ಟಿದವರ ಹಟ ಮುಂದಿನ ತಲೆಮಾರಿಗೂ ಇರುತ್ತದೆಂಬ ಖಾತರಿ ಯಾರಿಗೂ ಇಲ್ಲ.

ಮೂರನೇ ನಿಲುವು: ಕಟ್ಟಡದ ಹಂಗು ಬೇಡ

ರಂಗಮಂದಿರಕ್ಕೆ ಬರದ ಜನರೇ ಬಹುಪಾಲು, ಅವರಿದ್ದಲ್ಲಿಗೆ ನಾಟಕ ಹೋಗಬೇಕು ಎನ್ನುವವರದು ಮೂರನೇ ನಿಲುವು. 1975ರಲ್ಲಿ ಹುಟ್ಟಿದ ಸಮುದಾಯ ಈ ವಾದದ ದೊಡ್ಡ ಹೆಸರು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ನಡೆದ ದಲಿತರ ಹತ್ಯಾಕಾಂಡವನ್ನು ಕುರಿತ ‘ಬೆಲ್ಚಿ’ ಬೀದಿ ನಾಟಕ ಸಿ.ಜಿ. ಕೃಷ್ಣಸ್ವಾಮಿಯವರ ಹೆಸರಿನೊಂದಿಗೆ ಬೆಸೆದುಕೊಂಡಿದೆ. 1979ರ ಸಮುದಾಯ ಜಾಥಾ ನಾಟಕಗಳನ್ನು ರಾಜ್ಯದ ಊರೂರಿಗೆ ಒಯ್ದಿತು. ನಗರದೊಳಗೆ ಎ.ಎಸ್. ಮೂರ್ತಿಯವರು ಬೀದಿ ನಾಟಕವನ್ನು ಛಲದಿಂದ ಬೆಳೆಸಿದರು. ಬಂಗಾಳದ ಬಾದಲ್ ಸರ್ಕಾರರ ‘ಮೂರನೇ ರಂಗಭೂಮಿ’ಯ ಚಿಂತನೆ ಈ ಎಲ್ಲರಿಗೂ ಬಲ ಕೊಟ್ಟಿತು. ವೇದಿಕೆ ಬೇಡ, ದೀಪ ಬೇಡ, ಟಿಕೆಟ್ ಬೇಡ, ನಟನ ದೇಹ ಮತ್ತು ಸುತ್ತ ನಿಂತ ಜನ ಸಾಕು ಎಂಬುದು ಅದರ ತಿರುಳು.

ನಾಟಕ ಯಾರನ್ನು ತಲುಪುತ್ತಿಲ್ಲ ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಎತ್ತಿದ್ದು ಈ ನಿಲುವು ಮಾತ್ರ. ಆದರೆ ಎಪ್ಪತ್ತರ ದಶಕದ ಬೀದಿ ಈಗ ಉಳಿದಿಲ್ಲ. ಜನ ಗುಂಪುಗೂಡಿ ನಿಲ್ಲಬಹುದಾದ ವೃತ್ತಗಳು ಮೇಲ್ಸೇತುವೆಯ ಕಂಬಗಳಿಗೆ ಹೋದವು, ಕಾಲುದಾರಿಗಳು ವಾಹನ ನಿಲುಗಡೆಗೆ ಹೋದವು. ಪ್ರತಿಭಟನೆಗಳನ್ನು ಫ್ರೀಡಂ ಪಾರ್ಕಿಗೆ ಸೀಮಿತಗೊಳಿಸಿದ ಮೇಲೆ ಪ್ರತಿಭಟನೆಯ ದನಿಯ ಬೀದಿ ನಾಟಕಕ್ಕೂ ಜಾಗ ಇಕ್ಕಟ್ಟಾಯಿತು. ಇನ್ನೊಂದು ಕಡೆ ಆರೋಗ್ಯ, ಮತದಾನ, ಸ್ವಚ್ಛತೆಯ ಅರಿವು ಮೂಡಿಸಲು ಇಲಾಖೆಗಳೇ ಬೀದಿ ನಾಟಕ ಆಡಿಸತೊಡಗಿದವು. ಅದರಿಂದ ಕಲಾವಿದರಿಗೆ ನಾಲ್ಕು ಕಾಸು ಸಿಕ್ಕಿತು ನಿಜ, ಆದರೆ ಅಧಿಕಾರವನ್ನು ಪ್ರಶ್ನಿಸಲು ಹುಟ್ಟಿದ ಪ್ರಕಾರ ಅಧಿಕಾರದ ಪ್ರಚಾರಕ್ಕೆ ದುಡಿಯುವಂತಾಯಿತು.

ನಾಲ್ಕನೇ ನಿಲುವು: ಆಪ್ತ ರಂಗ

ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಬೆಂಗಳೂರಿನಲ್ಲಿ ಹೆಚ್ಚು ಬೆಳೆದದ್ದು ಚಿಕ್ಕ ಜಾಗಗಳು. ಕಪ್ಪಣ್ಣ ಅಂಗಳ, ವ್ಯೋಮ, ಶೂನ್ಯ, ಅಟ್ಟ ಗಲಾಟ, ಸುಚಿತ್ರ ಆವರಣದ ನಾಣಿ ಅಂಗಳ, ಎಂ.ಜಿ. ರಸ್ತೆ ಮೆಟ್ರೊ ನಿಲ್ದಾಣಕ್ಕೆ ಸೇರಿದ ರಂಗೋಲಿ ಕಲಾಕೇಂದ್ರದ ರಂಗಸ್ಥಳ ಹೀಗೆ ಪಟ್ಟಿ ಉದ್ದವಿದೆ. ಇವುಗಳಲ್ಲಿ ಕೆಲವು ಮನೆಯ ಅಂಗಳ, ಕೆಲವು ಪುಸ್ತಕದ ಅಂಗಡಿಯ ಮಹಡಿ, ಕೆಲವು ನೃತ್ಯದ ಅಭ್ಯಾಸಕ್ಕೆಂದು ಮಾಡಿದ ಕೋಣೆ. ಇಲ್ಲಿ ಏಕವ್ಯಕ್ತಿ ನಾಟಕ, ಕಥಾವಾಚನ, ಕಾವ್ಯವಾಚನ, ಸ್ಟ್ಯಾಂಡ್‌ಅಪ್ ಕಾಮಿಡಿ, ಸ್ವತಂತ್ರ ಸಂಗೀತಗಾರರ ಕಾರ್ಯಕ್ರಮ ಎಲ್ಲವೂ ನಡೆಯುತ್ತವೆ. ಕನ್ನಡದಲ್ಲಿ ಸ್ಟ್ಯಾಂಡ್‌ಅಪ್ ಮಾಡುವ ಹುಡುಗ ಹುಡುಗಿಯರು ದನಿ ಕಂಡುಕೊಂಡದ್ದು ಇಂಥ ಜಾಗಗಳಲ್ಲೇ.

ಹೊಸಬರು ಎಲ್ಲಿಂದ ಬರುತ್ತಾರೆ ಎಂಬುದಕ್ಕೆ ಈ ನಿಲುವಿನಲ್ಲಿ ಉತ್ತರವಿದೆ. ಮೊದಲ ನಾಟಕ ಬರೆದವಳಿಗೆ ದೊಡ್ಡ ಸಭಾಂಗಣದ ಬಾಡಿಗೆ ಕಟ್ಟುವ ಧೈರ್ಯ ಇರುವುದಿಲ್ಲ. ಎಡವಲು, ತಿದ್ದಿಕೊಳ್ಳಲು ಅವಳಿಗೊಂದು ಜಾಗ ಬೇಕು. ಆರ್ಥಿಕತೆ ಮಾತ್ರ ಕಠಿಣ. ಅರವತ್ತು ಜನರಿಗೆ 250 ರೂಪಾಯಿಯ ಟಿಕೆಟ್ ಮಾರಿದರೆ, ಎಲ್ಲವೂ ಮಾರಾಟವಾದರೂ, ಕೈಗೆ ಬರುವುದು 15,000. ಅದರಲ್ಲಿ ಜಾಗದ ಬಾಡಿಗೆ, ಬೆಳಕು, ಸಾಗಣೆ, ಟಿಕೆಟ್ ಮಾರುವ ಆ್ಯಪಿನ ಪಾಲು ಕಳೆದರೆ ನಟರಿಗೆ ಉಳಿಯುವುದು ಆಟೋ ಖರ್ಚು. ಹಾಗಾಗಿ ಪಾತ್ರಗಳು ಕಡಿಮೆಯಾಗುತ್ತವೆ. ಇಪ್ಪತ್ತು ಜನರ ಮೇಳ ಬೇಡುವ ‘ಜೋಕುಮಾರಸ್ವಾಮಿ’ಯಂಥ ನಾಟಕವನ್ನು ಈ ಕೋಣೆಗಳು ಹುಟ್ಟಿಸಲಾರವು. ಜಾಗದ ಮಾಲೀಕರ ಸ್ಥಿತಿಯೂ ಭದ್ರವಲ್ಲ. ಬಾಡಿಗೆ ಕರಾರು ಮುಗಿದಾಗ, ಅಕ್ಕಪಕ್ಕದವರು ಸದ್ದಿನ ದೂರು ಕೊಟ್ಟಾಗ, ಕೋವಿಡ್‌ನಂಥ ಹೊಡೆತ ಬಿದ್ದಾಗ ಮೊದಲು ಬಾಗಿಲು ಹಾಕುವುದು ಇಂಥ ತಾಣಗಳೇ.

ಹೋಟೆಲು, ಪಬ್ಬುಗಳ ಸಂಗೀತಕ್ಕೆ ಬೇರೆಯೇ ತೊಡಕಿದೆ. ಲೈವ್ ಬ್ಯಾಂಡ್‌ಗಳಿಗೆ ಪೊಲೀಸ್ ಪರವಾನಗಿ ಕಡ್ಡಾಯ ಮಾಡಿದ 2005ರ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಗಿಟಾರ್ ಹಿಡಿದು ಹಾಡುವವನು ಕಲಾವಿದನೇ, ಮದ್ಯದ ವ್ಯಾಪಾರದ ಭಾಗವೇ ಎಂಬ ಗೊಂದಲ ಕಾನೂನಿನಲ್ಲೂ ಇದೆ, ಸಮಾಜದಲ್ಲೂ ಇದೆ.

ಐದನೇ ನಿಲುವು: ಸೇರುವ ಜನರೇ ರಂಗ

ಮೇಲಿನ ನಾಲ್ಕು ನಿಲುವುಗಳು ಪತ್ರಿಕೆಗಳಲ್ಲಿ, ವಿಚಾರ ಸಂಕಿರಣಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಐದನೆಯದನ್ನು ಹೇಳುವವರು ಕಡಿಮೆ, ಬದುಕುವವರು ಬಹಳ. ನೆಲಮಂಗಲ, ಮಾಗಡಿ, ದೇವನಹಳ್ಳಿ, ಹೊಸಕೋಟೆ ಸುತ್ತಿನ ಊರುಗಳಲ್ಲೂ ಆ ಊರುಗಳಿಂದ ಬಂದು ನಗರದಲ್ಲಿ ನೆಲೆಸಿದವರಲ್ಲೂ ಪೌರಾಣಿಕ ನಾಟಕದ ಗೀಳು ಇಂದಿಗೂ ಜೀವಂತವಾಗಿದೆ. ‘ಕುರುಕ್ಷೇತ್ರ’, ‘ರಾಮಾಯಣ’, ‘ದಾನಶೂರ ಕರ್ಣ’ಗಳಿಗೆ ಕೊರತೆಯೇ ಇಲ್ಲ.

ಇಲ್ಲಿನ ಪದ್ಧತಿ ರಂಗಶಂಕರದ ಪದ್ಧತಿಗೆ ಪೂರ್ತಿ ತಿರುವುಮುರುವು. ಹಣ ಕೊಡುವವನು ನೋಡುಗನಲ್ಲ, ಪಾತ್ರಧಾರಿ. ದುರ್ಯೋಧನನ ಪಾತ್ರಕ್ಕೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ ಎಂದು ಮೊದಲೇ ನಿಗದಿಯಾಗುತ್ತದೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಂದ, ವೃತ್ತ, ಹಾಡುಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಸ್ತ್ರೀಪಾತ್ರಗಳಿಗೆ ವೃತ್ತಿ ಕಲಾವಿದೆಯರು ಸಂಭಾವನೆಗೆ ಬರುತ್ತಾರೆ. ಡ್ರಾಮಾ ಸೀನರಿಯವರು ಅರಮನೆ, ಕಾಡು, ರಣರಂಗದ ಪರದೆಗಳನ್ನೂ ಕಿರೀಟ, ಗದೆ, ಭುಜಕೀರ್ತಿಗಳನ್ನೂ ಲಾರಿಯಲ್ಲಿ ತರುತ್ತಾರೆ. ಆಟೋ ಓಡಿಸುವವರು, ತರಕಾರಿ ಮಾರುವವರು, ಪಂಚಾಯಿತಿ ಸದಸ್ಯರು, ನಿವೃತ್ತ ಪೇದೆಗಳು ಆ ರಾತ್ರಿಯ ಭೀಮ, ಕರ್ಣ, ಶಕುನಿಗಳು. ಒಂದು ಹಾಡು ಮುಗಿಯುವುದೇ ತಡ, ಬಂಧುಗಳು ರಂಗದ ಮೇಲೇರಿ ಹಾರ ಹಾಕುತ್ತಾರೆ, ನೋಟು ಮುಡಿಸುತ್ತಾರೆ, ಶಿಳ್ಳೆ ಬೀಳುತ್ತದೆ, ‘ಒನ್ಸ್ ಮೋರ್’ ಬೀಳುತ್ತದೆ, ಕೃಷ್ಣ ಮತ್ತೆ ಹಾಡುತ್ತಾನೆ. ಇದನ್ನು ಕಲೆಯೆಂದು ಒಪ್ಪದ ವಿಮರ್ಶಕರಿದ್ದಾರೆ. ಆದರೆ ಅನುದಾನವನ್ನು ನೆಚ್ಚದೆ, ಶಾಲೆಯಲ್ಲಿ ಹೆಚ್ಚು ಓದಿಲ್ಲದವರ ನಾಲಗೆಯ ಮೇಲೆ ಹಳೆಯ ಛಂದಸ್ಸನ್ನು ಉಳಿಸಿಕೊಂಡಿರುವ ಇನ್ನೊಂದು ರಂಗಭೂಮಿ ಈ ಸೀಮೆಯಲ್ಲಿ ನನಗೆ ಕಂಡಿಲ್ಲ. ಅದಕ್ಕೆ ಗೌರವ ಸಲ್ಲಲೇಬೇಕು.

ಕರಾವಳಿ, ಮಲೆನಾಡಿನವರ ಯಕ್ಷಗಾನವೂ ಇದೇ ಸಾಲಿನದು. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯಲ್ಲಿ, ಊರಿನಲ್ಲಿ ಮೇಳಗಳ ತಿರುಗಾಟ ಮುಗಿಯುತ್ತದೆ. ಮಳೆಗಾಲದಲ್ಲಿ ಕಲಾವಿದರು ಬೆಂಗಳೂರಿಗೆ ಬರುತ್ತಾರೆ, ಕಲಾಕ್ಷೇತ್ರದಲ್ಲಿ ರಾತ್ರಿಯಿಡೀ ಆಟ ನಡೆಯುತ್ತದೆ. ನಗರದ ಸಭಾಂಗಣ ಆ ರಾತ್ರಿಯ ಮಟ್ಟಿಗೆ ಕುಂದಾಪುರವೋ ಹೊನ್ನಾವರವೋ ಆಗಿಬಿಡುತ್ತದೆ.

ಸೇರುವ ಜನ ಗಟ್ಟಿಯಿದ್ದರೆ ಎಂಥ ಜಾಗವೂ ನಡೆಯುತ್ತದೆ ಎಂಬುದು ಈ ನಿಲುವಿನ ಬಲ. ಕಾನೂನು ಅದರ ಎದುರಿನ ಅಡ್ಡಿ. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಹೊರಗೆ ಧ್ವನಿವರ್ಧಕ ಬಳಸುವಂತಿಲ್ಲ. ವರ್ಷದಲ್ಲಿ ಗರಿಷ್ಠ ಹದಿನೈದು ದಿನ, ಅದೂ ಮಧ್ಯರಾತ್ರಿಯವರೆಗೆ ಮಾತ್ರ, ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದು. ಮುಚ್ಚಿದ ಸಭಾಂಗಣಕ್ಕೆ ಈ ಕಟ್ಟಿಲ್ಲ. ಮಗುವಿನ ನಿದ್ದೆಗೂ ರೋಗಿಯ ನೆಮ್ಮದಿಗೂ ಈ ನಿಯಮ ಬೇಕು. ಆದರೆ ಬಯಲಿನಲ್ಲೇ ಹುಟ್ಟಿ, ಇರುಳಿನಲ್ಲೇ ಅರಳುವ ಪ್ರಕಾರಗಳನ್ನು ಅದು ಬಾಡಿಗೆ ಕಟ್ಟಬೇಕಾದ ಸಭಾಂಗಣಕ್ಕೆ ತಳ್ಳಿದೆ.

ನಿಲುವುಗಳು ಕೂಡುವ ಜಾಗ

ಈ ಐದರಲ್ಲಿ ಯಾವುದೂ ಪೂರ್ತಿ ತಪ್ಪಲ್ಲ, ಯಾವುದೂ ಒಂದೇ ಸಾಲದು. ಕೆಲವು ಪ್ರಯೋಗಗಳು ಈ ಗೆರೆಗಳನ್ನು ದಾಟಿವೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಕೆ.ವೈ. ನಾರಾಯಣಸ್ವಾಮಿ ರಂಗಕ್ಕೆ ಅಳವಡಿಸಿದರು, ಸಿ. ಬಸವಲಿಂಗಯ್ಯ ನಿರ್ದೇಶಿಸಿದರು. ಮೈಸೂರಿನ ರಂಗಾಯಣದ ಬಳಿಕ ಅದು ಮಲ್ಲತ್ತಹಳ್ಳಿಯ ಕಲಾಗ್ರಾಮಕ್ಕೆ ಬಂತು. ರಾತ್ರಿ ಶುರುವಾಗಿ ಬೆಳಗಿನವರೆಗೆ ನಡೆಯುವ ಒಂಬತ್ತು ಗಂಟೆಗಳ ಪ್ರಯೋಗ, ನಾಲ್ಕು ರಂಗಗಳು. ಒಂದು ಭಾಗ ಮುಗಿದಾಗ ಪ್ರೇಕ್ಷಕರು ಕಂಬಳಿ, ಚೀಲಗಳೊಂದಿಗೆ ಎದ್ದು ಮುಂದಿನ ರಂಗಕ್ಕೆ ನಡೆಯುತ್ತಾರೆ. ಸರ್ಕಾರದ ಹಣ, ಬಯಲಾಟದ ಇರುಳು, ಆಧುನಿಕ ವಿನ್ಯಾಸ, ಟಿಕೆಟ್ ಕೊಂಡು ಬಂದ ನಗರದ ಜನ ಎಲ್ಲವೂ ಅಲ್ಲಿ ಒಟ್ಟಾದವು. ಇಡೀ ರಾತ್ರಿ ನಾಟಕ ನೋಡುವ ತಾಳ್ಮೆ ಈಗಿನವರಿಗಿಲ್ಲ ಎಂಬ ಮಾತನ್ನು ಆ ಜನಸಂದಣಿ ಸುಳ್ಳು ಮಾಡಿತು.

1985ರಿಂದ ಹೆಗ್ಗೋಡಿನ ನೀನಾಸಮ್ ತಿರುಗಾಟ ಬೇರೊಂದು ಬಗೆಯಲ್ಲಿ ಇದನ್ನೇ ತೋರಿಸುತ್ತಿದೆ. ಹಳ್ಳಿಯ ಶಾಲಾ ಮೈದಾನಕ್ಕೂ ಬೆಂಗಳೂರಿನ ಸಭಾಂಗಣಕ್ಕೂ ಹೊಂದುವಂತೆ ಅದರ ನಾಟಕಗಳು ಕಟ್ಟಿಕೊಂಡು ಬರುತ್ತವೆ. ಬೆಂಗಳೂರಿನ ಒಳಗೇ ಇಂಥ ತಿರುಗಾಟ ಏಕಿಲ್ಲ? ಐವತ್ತು ಜನರ ಕೋಣೆಯಲ್ಲಿ ಹುಟ್ಟಿದ ನಾಟಕ ಕೆ.ಎಚ್. ಕಲಾಸೌಧಕ್ಕೆ ಬರಬೇಕು, ಅಲ್ಲಿಂದ ರಂಗಶಂಕರಕ್ಕೂ ಸಂಸಕ್ಕೂ ಹೋಗಬೇಕು, ಯಲಹಂಕದ ಬಯಲನ್ನೂ ಕಾಣಬೇಕು. ಈಗ ಹೀಗಾಗುವುದು ತಂಡದವರ ಸ್ವಂತ ಸಾಹಸದಿಂದ ಮಾತ್ರ. ಒಂದೊಂದು ಜಾಗದ ಬಾಡಿಗೆ, ಬುಕಿಂಗ್, ದೀಪದ ವ್ಯವಸ್ಥೆ, ರಂಗದ ಅಳತೆ ಒಂದೊಂದು ಥರ. ಇವುಗಳನ್ನು ಬೆಸೆಯುವ ವ್ಯವಸ್ಥೆ ಇಲ್ಲದಿರುವುದೇ ನಮ್ಮ ದೊಡ್ಡ ಕೊರತೆ, ಆಸನಗಳ ಕೊರತೆ ಅದರ ನಂತರದ್ದು.

ಇತ್ಯರ್ಥವಾಗದೆ ಉಳಿದವು

ಮೊದಲನೆಯದು ಹೊಣೆಯ ಪ್ರಶ್ನೆ. 2025ರಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಐದು ಪಾಲಿಕೆಗಳೂ ಬಂದಿವೆ. ಪ್ರತಿ ಪಾಲಿಕೆ ತನ್ನ ವ್ಯಾಪ್ತಿಯ ರಂಗಮಂದಿರಗಳನ್ನು ಗುತ್ತಿಗೆದಾರರಿಗೆ ವಹಿಸುವುದೇ, ರಂಗತಂಡಗಳ ಒಕ್ಕೂಟಕ್ಕೆ ವಹಿಸುವುದೇ, ತಾನೇ ನಡೆಸುವುದೇ? ಮೂರಕ್ಕೂ ಬೇರೆ ಬೇರೆ ಫಲವಿದೆ.

ಎರಡನೆಯದು ದೂರ. ಕನ್ನಡ ನಾಟಕದ ತಾಣಗಳಲ್ಲಿ ಹೆಚ್ಚಿನವು ಜೆ.ಸಿ. ರಸ್ತೆಯಿಂದ ಜೆ.ಪಿ. ನಗರದವರೆಗಿನ ದಕ್ಷಿಣದ ಪಟ್ಟಿಯಲ್ಲೇ ಇವೆ. ಪೀಣ್ಯದ ಕಾರ್ಮಿಕನಿಗೆ, ಕೆ.ಆರ್. ಪುರದ ಗೃಹಿಣಿಗೆ, ಹೆಬ್ಬಾಳದಾಚೆಯ ವಿದ್ಯಾರ್ಥಿಗೆ ಸಂಜೆ ಏಳೂವರೆಯ ನಾಟಕ ನೋಡಿ ಸುರಕ್ಷಿತವಾಗಿ ಮನೆ ಸೇರಲು ದಾರಿ ಯಾವುದು? ಮೆಟ್ರೊ ಮಾರ್ಗಗಳು ಬೆಳೆದಂತೆ ಈ ನಕ್ಷೆ ಬದಲಾಗಬಹುದು. ನಿಲ್ದಾಣದ ಬಳಿ ರಂಗಮಂದಿರಕ್ಕೆ ಜಾಗ ಉಳಿಸಬೇಕೆಂಬ ಯೋಚನೆ ಯೋಜನೆ ಮಾಡುವವರಲ್ಲಿ ಮೂಡಿದರೆ ಮಾತ್ರ.

ಮೂರನೆಯದು ತಾಲೀಮಿನ ಜಾಗ. ಎಲ್ಲ ಚರ್ಚೆಯೂ ಪ್ರದರ್ಶನದ ಸಂಜೆಯ ಸುತ್ತ ನಡೆಯುತ್ತದೆ. ಅದರ ಹಿಂದಿನ ನಲವತ್ತು ಸಂಜೆಗಳನ್ನು ತಂಡಗಳು ಶಾಲೆಯ ಕೊಠಡಿ, ಮನೆಯ ತಾರಸಿ, ಪಾರ್ಕಿನ ಮೂಲೆಗಳಲ್ಲಿ ಕಳೆಯುತ್ತವೆ. ಪ್ರತಿ ಸರ್ಕಾರಿ ಶಾಲೆಯ ಒಂದು ಕೊಠಡಿ ಸಂಜೆ ಆರರಿಂದ ಒಂಬತ್ತರವರೆಗೆ ರಂಗತಂಡಗಳಿಗೆ ಸಿಕ್ಕರೆ ಎಷ್ಟು ಬದಲಾವಣೆಯಾದೀತು ಎಂಬುದನ್ನು ಯಾವ ಸರ್ಕಾರವೂ ಪರೀಕ್ಷಿಸಿ ನೋಡಿಲ್ಲ.

ನಾಲ್ಕನೆಯದು ಇರುಳಿನ ಪ್ರಶ್ನೆ. ನೆರೆಹೊರೆಯವರ ನಿದ್ದೆಗೂ ಇಡೀ ರಾತ್ರಿಯ ಆಟಕ್ಕೂ ಒಟ್ಟಿಗೆ ನ್ಯಾಯ ಒದಗಿಸಲು ವಸತಿಯಿಂದ ದೂರದ ಒಂದೆರಡು ಬಯಲುಗಳನ್ನು ಕಾಯಂ ಗುರುತಿಸಿ, ವಿನಾಯಿತಿಯ ದಿನಗಳನ್ನು ಅಲ್ಲಿಗೇ ಮೀಸಲಿಡಬಹುದೇ? ಐದನೆಯದು ಭಾಷೆಯದು: ಬಹುಭಾಷೆಯ ಊರಿನಲ್ಲಿ ಸಾರ್ವಜನಿಕ ರಂಗಮಂದಿರ ಕನ್ನಡಕ್ಕೆ ಆದ್ಯತೆ ಕೊಡುತ್ತಲೇ ಉರ್ದು, ತಮಿಳು, ತೆಲುಗು, ಇಂಗ್ಲಿಷ್ ನಾಟಕಗಳಿಗೆ ಎಷ್ಟು ಜಾಗ ಬಿಡಬೇಕು?

ಕೊನೆಯದು ಎಲ್ಲಕ್ಕಿಂತ ಕಷ್ಟದ್ದು. ಹಾರ್ಮೋನಿಯಂ ಮೇಷ್ಟ್ರ ‘ಕುರುಕ್ಷೇತ್ರ’ವನ್ನು ನೋಡುವವರು ರಂಗಶಂಕರಕ್ಕೆ ಬರುವುದಿಲ್ಲ, ರಂಗಶಂಕರದವರು ಅಲ್ಲಿಗೆ ಹೋಗುವುದಿಲ್ಲ. ಪ್ರತಿ ಜಾಗವೂ ತನ್ನ ಜನರನ್ನು ಗಟ್ಟಿಗೊಳಿಸುತ್ತ, ಬೇರೆಯವರನ್ನು ಅರಿವಿಲ್ಲದೆ ಹೊರಗಿಡುತ್ತಿದೆ. 1972ರಲ್ಲಿ ಕಲಾಕ್ಷೇತ್ರದ ಒಳಗಿನವರೂ ಹೊರಗಿನವರೂ ಒಂದೇ ಗೇಟಿನಿಂದ ಬರುತ್ತಿದ್ದರು. ಹತ್ತಾರು ಗೇಟುಗಳ ಈ ನಗರದಲ್ಲಿ ಅಂಥ ಕೂಡುವಿಕೆ ಮತ್ತೆ ಸಾಧ್ಯವೇ, ಸಾಧ್ಯವಾದರೆ ಅದನ್ನು ಕಟ್ಟುವವರು ಸರ್ಕಾರದವರೇ, ತಂಡಗಳೇ, ನೋಡುಗರೇ ಎಂಬುದಕ್ಕೆ ಐದೂ ನಿಲುವುಗಳು ಇನ್ನೂ ಉತ್ತರ ಕೊಡಬೇಕಾಗಿದೆ.